ಕಾವಲಿನ ಹುಲ್ಲು, ಹೆಬ್ಬಾಳದ ಸೀರಮ್: ಪ್ರಾಣಿದಯೆಯ ನಮ್ಮೂರ ಚರಿತ್ರೆ

ಕಳೆದ ವರ್ಷ ಬಕ್ರೀದ್‌ಗೆ ಎರಡು ವಾರ ಇರುವಾಗ ಜುಮಾ ಖುತ್ಬಾದಲ್ಲಿ ನಾವು ಪ್ರಾಣಿಗಳ ಹಕ್ಕಿನ ಬಗ್ಗೆ ಮಾತನಾಡಿದ್ದೆವು. ಬಾಯಾರಿದ ನಾಯಿಗಾಗಿ ಬಾವಿಗಿಳಿದು ನೀರು ತಂದವನಿಗೆ ಅಲ್ಲಾಹನ ಕ್ಷಮೆ ದೊರೆತದ್ದು, ಬೆಕ್ಕನ್ನು ಕೂಡಿಹಾಕಿ ಹಸಿವಿನಿಂದ ಸಾಯಿಸಿದ ಹೆಂಗಸು ಶಿಕ್ಷೆಗೆ ಗುರಿಯಾದದ್ದು, ಅನ್ಸಾರಿಯೊಬ್ಬರ ತೋಟದಲ್ಲಿದ್ದ ಒಂಟೆ ಪ್ರವಾದಿವರ್ಯರನ್ನು(ಸ) ಕಂಡು ಕಣ್ಣೀರಿಟ್ಟದ್ದು, ಇವೆಲ್ಲ ನಮ್ಮ ಮನೆಗಳಲ್ಲಿ ಮಕ್ಕಳಿಗೂ ಗೊತ್ತಿರುವ ಹದೀಸ್‌ಗಳು. ನಮಾಝ್ ಮುಗಿದು ಜನ ಚದುರುತ್ತಿದ್ದಾಗ, ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಓದುತ್ತಿರುವ ನಮ್ಮ ಜಮಾಅತ್‌ನ ಹುಡುಗನೊಬ್ಬ ಬಂದು ಸಲಾಂ ಹೇಳಿ ಕೇಳಿದ: “ಹಝ್ರತ್, ನೀವು ಹೇಳಿದ್ದೆಲ್ಲ ಮದೀನಾದ್ದು. ನಮ್ಮ ಈ ನೆಲದಲ್ಲಿ ಯಾರೂ ಪ್ರಾಣಿಗಳಿಗಾಗಿ ಏನೂ ಮಾಡಲಿಲ್ಲವೇ?”

ಆ ಕ್ಷಣಕ್ಕೆ ನಮ್ಮ ಬಳಿ ಉತ್ತರವಿರಲಿಲ್ಲ. ಮದ್ರಸಾದಲ್ಲಿ ಫಿಕ್ಹ್ ಕಲಿತೆವು, ಬಿ.ಎ.ಯಲ್ಲಿ ಇತಿಹಾಸವನ್ನೂ ಓದಿದೆವು. ಆದರೆ ಆ ಇತಿಹಾಸದಲ್ಲಿ ರಾಜರಿದ್ದರು, ಯುದ್ಧಗಳಿದ್ದವು. ಎತ್ತು, ಕುರಿ, ಕುದುರೆಗಳು ಇರಲಿಲ್ಲ. ಆಮೇಲೆ ಹುಡುಕಿ ಓದಿದ್ದನ್ನು, ಆ ಹುಡುಗನ ಪ್ರಶ್ನೆಗೆ ತಡವಾಗಿ ಕೊಡುವ ಉತ್ತರವೆಂದುಕೊಂಡು ಇಲ್ಲಿ ಬರೆಯುತ್ತಿದ್ದೇವೆ.

ಆರ್.ಟಿ. ನಗರದ ಪಕ್ಕದಲ್ಲೇ ಕಾವಲ್ ಭೈರಸಂದ್ರವಿದೆ. ಯಲಹಂಕದ ಹತ್ತಿರ ಜಾರಕಬಂಡೆ ಕಾವಲ್ ಎಂಬ ಕಾಡಿದೆ. ದಿನವೂ ಈ ಹೆಸರುಗಳನ್ನು ಬಸ್ಸಿನ ಬೋರ್ಡಿನಲ್ಲಿ ಓದುತ್ತೇವೆ. ನಮ್ಮ ಮಕ್ಕಳನ್ನು ಕೇಳಿದರೆ ಕಾವಲ್ ಎಂದರೆ ಪೊಲೀಸ್ ಕಾವಲು ಎನ್ನುತ್ತಾರೆ. ಆದರೆ ಹಳೆಯ ಮೈಸೂರು ಸೀಮೆಯ ಕಂದಾಯ ಭಾಷೆಯಲ್ಲಿ ಕಾವಲ್ ಎಂದರೆ ದನಕರುಗಳ ಮೇವಿಗೆಂದು ಕಾಯ್ದಿಟ್ಟ ಹುಲ್ಲುನೆಲ. ಅದನ್ನು ಉಳುವಂತಿಲ್ಲ, ಅಲ್ಲಿ ಮನೆ ಕಟ್ಟುವಂತಿಲ್ಲ. ಇಂದು ಅಡಿಯ ಲೆಕ್ಕದಲ್ಲಿ ಸೈಟು ಮಾರುವ ಈ ಊರಿನಲ್ಲಿ, ಹುಲ್ಲಿಗೆಂದೇ ನೆಲ ಬಿಟ್ಟಿದ್ದ ಕಾಲವೊಂದಿತ್ತು ಎಂದರೆ ನಂಬುವುದು ಕಷ್ಟ.

ಕಾವಲುಗಳ ಪೈಕಿ ಅತಿ ದೊಡ್ಡ ವ್ಯವಸ್ಥೆ ಅಮೃತಮಹಲಿನದು. ಮೈಸೂರಿನ ಚಿಕ್ಕದೇವರಾಜ ಒಡೆಯರ್ (ಆಳ್ವಿಕೆ 1673–1704) ಅರಮನೆಯ ದನಗಳ ಮಂದೆಗಳಿಗೆ ಕಾವಲುಗಳನ್ನು ಗೊತ್ತುಮಾಡಿ ‘ಬೆಣ್ಣೆ ಚಾವಡಿ’ ಎಂಬ ಇಲಾಖೆ ಮಾಡಿದರು. ಹೈದರ್ ಅಲಿಯವರು ಅದನ್ನು ಹಿಗ್ಗಿಸಿ ಫಿರಂಗಿ ಎಳೆಯುವ ಎತ್ತುಗಳನ್ನು ಬೆಳೆಸಿದರು. ಟಿಪ್ಪು ಸುಲ್ತಾನರು ಇಲಾಖೆಯ ಹೆಸರನ್ನು ‘ಅಮೃತಮಹಲ್’ ಎಂದು ಬದಲಿಸಿ, ಅದನ್ನು ಹೇಗೆ ನಡೆಸಬೇಕೆಂದು ಒಂದು ಹುಕುಂನಾಮೆ ಹೊರಡಿಸಿದರು. ಅದರ ನಿಯಮಗಳು ಅವರ ನಂತರವೂ ಬಳಕೆಯಲ್ಲಿ ಉಳಿದವು. ಆ ಎತ್ತುಗಳ ಬಲದಿಂದ ಹೈದರ್ ಅಲಿಯ ಸೈನ್ಯ ಎರಡೂವರೆ ದಿನಗಳಲ್ಲಿ ನೂರು ಮೈಲಿ ನಡೆದು ಚಿದಂಬರಂ ತಲುಪಿತೆಂದು ಮೈಸೂರು ಗ್ಯಾಝೆಟಿಯರ್ ಬರೆದ ಬಿ.ಎಲ್. ರೈಸ್ ದಾಖಲಿಸಿದ್ದಾರೆ.

ನಮ್ಮ ಸಭೆಗಳಲ್ಲಿ ಟಿಪ್ಪುವಿನ ಹೆಸರು ಬಂದರೆ ಸಾಕು, ಜನ ಎದೆಯುಬ್ಬಿಸುತ್ತಾರೆ. ಈ ಎತ್ತುಗಳ ವಿಷಯದಲ್ಲಿ ನಾವು ಸ್ವಲ್ಪ ತಡೆದು ನೋಡಬೇಕು. ಆ ಆರೈಕೆ ಕರುಣೆಯಿಂದ ಬಂದದ್ದಲ್ಲ, ಯುದ್ಧದ ಅಗತ್ಯದಿಂದ ಬಂದದ್ದು. ನೂರು ಮೈಲಿ ಫಿರಂಗಿ ಎಳೆದ ಎತ್ತಿಗೆ ಅದು ವಿಜಯಯಾತ್ರೆಯಾಗಿರಲಿಲ್ಲ. ಹಾಗಿದ್ದರೂ ಈ ಕಥೆಯನ್ನು ಏಕೆ ಹೇಳುತ್ತಿದ್ದೇವೆ ಎಂದರೆ, ಅಲ್ಲಿ ಒಂದು ಪ್ರಾಣಿಗೆ ಏನು ಬೇಕು ಎಂದು ಯಾರೋ ಕುಳಿತು ಯೋಚಿಸಿ ಲೆಕ್ಕ ಹಾಕಿದ್ದರು. ಕಾವಲುಗಳಲ್ಲಿ ಮೂರು ಬಗೆ: ಬೇಸಿಗೆಯವು, ಮಳೆಗಾಲದವು, ಚಳಿಗಾಲದವು. ಬೇಸಿಗೆಯ ಕಾವಲು ಸಾಮಾನ್ಯವಾಗಿ ಕೆರೆಯಂಗಳದಲ್ಲಿ. ಅಲ್ಲಿ ನೀರಿನ ಪಸೆಯಿಂದ ಹುಲ್ಲು ಉಳಿಯುತ್ತದೆ, ಮಧ್ಯಾಹ್ನಕ್ಕೆ ಮರದ ನೆರಳಿರುತ್ತದೆ. ಮಳೆ ಬಿದ್ದ ಮೇಲೆ ಹಳ್ಳ ಹರಿಯುವ ಕಾವಲಿಗೆ ಮಂದೆ ಹೋಗಬೇಕು. ಮಂದೆಗಳ ಜವಾಬ್ದಾರಿಗೆ ಸೇರ್ವೇಗಾರರಿದ್ದರು, ಗಣತಿ ಇತ್ತು. ನೀರು, ನೆರಳು, ಹುಲ್ಲು, ಮತ್ತು ಅದಕ್ಕೆ ಉತ್ತರ ಕೊಡಬೇಕಾದ ಒಬ್ಬ ಮನುಷ್ಯ. ಇಷ್ಟೇ ಇದ್ದದ್ದು. ಚಿತ್ರದುರ್ಗ, ಹಾಸನ, ಚಿಕ್ಕಮಗಳೂರು, ತುಮಕೂರು ಸೀಮೆಗಳಲ್ಲಿ ಅಮೃತಮಹಲ್ ಕಾವಲುಗಳ ಕುರುಹು ಇಂದಿಗೂ ಉಳಿದಿದೆ. ಅಜ್ಜಂಪುರದಲ್ಲಿ ಆ ತಳಿಯ ಸಂವರ್ಧನಾ ಕೇಂದ್ರವಿದೆ.

ಕಾವಲಿನ ಬಗ್ಗೆ ಓದುತ್ತಾ ನಮಗೆ ನೆನಪಾದದ್ದು ‘ಹಿಮಾ’. ಹಿಮಾ ಎಂದರೂ ಕಾಯ್ದಿಟ್ಟ ಮೇವಿನ ನೆಲವೇ. ಪ್ರವಾದಿವರ್ಯರು(ಸ) ಮದೀನಾದ ಬಳಿಯ ನಕೀಅ್ ಎಂಬಲ್ಲಿ ಕುದುರೆಗಳಿಗೆ ಹಿಮಾ ಗೊತ್ತುಪಡಿಸಿದ್ದರು. ಹಝ್ರತ್ ಉಮರ್(ರ) ಅವರು ಹಿಮಾದ ಉಸ್ತುವಾರಿಗೆ ಹುನೈ ಎಂಬವರನ್ನು ನೇಮಿಸಿ ಹೇಳಿದ ಮಾತಿನ ಸಾರ ಸಹೀಹ್ ಬುಖಾರಿಯಲ್ಲಿದೆ: ಕೆಲವೇ ಒಂಟೆ, ಕೆಲವೇ ಕುರಿಗಳಿರುವ ಬಡವನನ್ನು ಒಳಗೆ ಬಿಡು, ಇಬ್ನು ಔಫ್ ಮತ್ತು ಇಬ್ನು ಅಫ್ಫಾನ್‌ರಂಥ ಶ್ರೀಮಂತರ ಮಂದೆಗಳ ಬಗ್ಗೆ ಜಾಗ್ರತೆಯಿಂದಿರು. ಅವರ ದನಗಳು ಸತ್ತರೆ ಅವರಿಗೆ ತೋಟವಿದೆ, ಹೊಲವಿದೆ. ಬಡವನ ಕುರಿ ಸತ್ತರೆ ಅವನು ಮಕ್ಕಳನ್ನು ಕರೆದುಕೊಂಡು ನಮ್ಮ ಬಾಗಿಲಿಗೆ ಬರುತ್ತಾನೆ. ಅಮೃತಮಹಲಿನಲ್ಲಿ ಇಲ್ಲದ್ದು ಇದು. ಅಲ್ಲಿ ಕಾವಲು ಸರ್ಕಾರದ ಮಂದೆಗೆ ಮಾತ್ರ. ಪಕ್ಕದ ಹಳ್ಳಿಯ ರೈತನ ಬಡಕಲು ಹಸು ಬೇಲಿಯಾಚೆ. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ಯಾವುದು ಬರೀ ಆಡಳಿತ, ಯಾವುದು ಅಮಾನತ್ ಎಂಬುದು ತಿಳಿಯುತ್ತದೆ. ದಮಾಸ್ಕಸ್‌ನಲ್ಲಿ ಮುದಿಯಾಗಿ ಕೆಲಸಕ್ಕೆ ಬಾರದ ಕುದುರೆಗಳು ಸಾಯುವವರೆಗೂ ಮೇಯಲೆಂದು ಒಂದು ಹಸಿರು ಬಯಲನ್ನೇ ವಕ್ಫ್ ಮಾಡಲಾಗಿತ್ತೆಂದು ಸಿರಿಯಾದ ವಿದ್ವಾಂಸ ಮುಸ್ತಫಾ ಸಿಬಾಯಿ ಬರೆದಿದ್ದಾರೆ. ನಮ್ಮ ವಕ್ಫ್ ಜಮೀನುಗಳ ಇಂದಿನ ಅವಸ್ಥೆಯ ಮಾತು ಈ ಲೇಖನಕ್ಕೆ ಬೇಡ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮಂದೆಗಳ ದೆಸೆ ಕೆಟ್ಟಿತು. 1813ರಲ್ಲಿ ಅವುಗಳ ಮೇಲ್ವಿಚಾರಣೆಗೆ ಬ್ರಿಟಿಷ್ ಅಧಿಕಾರಿಯೊಬ್ಬರನ್ನು ನೇಮಿಸಿದ ನಂತರ ಮತ್ತೆ ಸುಧಾರಿಸಿತು. 1860ರಲ್ಲಿ ಖರ್ಚು ಉಳಿಸುವ ಹೆಸರಿನಲ್ಲಿ ಇಡೀ ಮಂದೆಯನ್ನೇ ಮಾರಿಬಿಟ್ಟರು. ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲ ಕಟ್ಟಿ ಬೆಳೆಸಿದ್ದು ಹರಾಜಿನ ಕೂಗಿಗೆ ಹೋಯಿತು. ಆರೇಳು ವರ್ಷಗಳಲ್ಲೇ ಸೈನ್ಯಕ್ಕೆ ಒಳ್ಳೆಯ ಎತ್ತು ಸಿಗದೆ, ಮಾರಿದ್ದನ್ನು ಮತ್ತೆ ಕೊಂಡು ಕೂಡಿಸುವ ಕೆಲಸ ಶುರುವಾಯಿತು.

ಅದೇ ಕಾಲದಲ್ಲಿ ಹಳ್ಳಿಯ ದನಗಳನ್ನು ಗುಡಿಸಿ ಹಾಕುತ್ತಿದ್ದದ್ದು ‘ದೊಡ್ಡರೋಗ’. ಇಂಗ್ಲಿಷಿನಲ್ಲಿ ರಿಂಡರ್‌ಪೆಸ್ಟ್ ಎನ್ನುತ್ತಾರೆ. ಇಂದಿನ ಯುವಕರಿಗೆ ಈ ಹೆಸರೇ ಗೊತ್ತಿಲ್ಲ. ಗೊತ್ತಿಲ್ಲದಿರುವುದೇ ಒಂದು ನಿಅಮತ್. ಮೊದಲು ಜ್ವರ, ಆಮೇಲೆ ಬಾಯೊಳಗೆಲ್ಲ ಹುಣ್ಣು, ಕಣ್ಣು ಮೂಗಿನಿಂದ ಸುರಿತ, ಬಳಿಕ ನಿಲ್ಲದ ಭೇದಿ. ಒಂದೆರಡು ವಾರದೊಳಗೆ ದನ ನೆಲಕ್ಕೆ ಬೀಳುತ್ತಿತ್ತು. ಹಿಂದೆ ಈ ರೋಗ ಕಾಣದ ಮಂದೆಗೆ ಅದು ಹೊಕ್ಕರೆ ಹೆಚ್ಚಿನವು ಉಳಿಯುತ್ತಿರಲಿಲ್ಲ. ಎತ್ತು ಸತ್ತರೆ ಉಳುಮೆಯಿಲ್ಲ, ಉಳುಮೆಯಿಲ್ಲದಿದ್ದರೆ ರಾಗಿಯಿಲ್ಲ. ಭಾರತದ ಜಾನುವಾರು ಪಿಡುಗುಗಳ ಬಗ್ಗೆ ಬ್ರಿಟಿಷ್ ಸರ್ಕಾರ ನೇಮಿಸಿದ ಆಯೋಗ 1871ರಲ್ಲಿ ವರದಿ ಕೊಟ್ಟಿತು. ವರದಿ ಬಂದ ಮೇಲೂ ಹಳ್ಳಿಗೆ ಮದ್ದು ಬರಲು ಅರ್ಧ ಶತಮಾನ ಬೇಕಾಯಿತು.

ಇಲ್ಲಿಂದ ಕಥೆ ನಮ್ಮ ಹೆಬ್ಬಾಳಕ್ಕೆ ಬರುತ್ತದೆ. 1899ರಲ್ಲಿ ಮೈಸೂರಿನ ರೀಜೆಂಟ್ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಕೃಷಿ ಪ್ರಯೋಗಗಳಿಗೆಂದು ಹೆಬ್ಬಾಳದಲ್ಲಿ 30 ಎಕರೆ ನೆಲ ಕೊಟ್ಟರು. ಕೃಷಿ ವಿಶ್ವವಿದ್ಯಾನಿಲಯದ ಬೇರು ಅಲ್ಲಿದೆ. ಕೆನಡಾದಿಂದ ಬಂದು ಮೈಸೂರಿನ ಕೃಷಿ ಇಲಾಖೆಯನ್ನು ಕಟ್ಟಿದ ಲೆಸ್ಲಿ ಕೋಲ್ಮನ್ ಅವರ ಕಾಲದಲ್ಲಿ, 1925ರಲ್ಲಿ, ದೊಡ್ಡರೋಗವನ್ನು ತಡೆಯಲೆಂದೇ ಮೈಸೂರು ಸೀರಮ್ ಸಂಸ್ಥೆ ಹೆಬ್ಬಾಳದಲ್ಲಿ ಆರಂಭವಾಯಿತು. ಇಂದು ಏರ್‌ಪೋರ್ಟ್ ರಸ್ತೆಯಲ್ಲಿ ಟ್ರಾಫಿಕ್‌ಗೆ ಶಪಿಸುತ್ತಾ ನಾವು ದಾಟಿ ಹೋಗುವ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆ ಅದೇ. ಪಶುವೈದ್ಯಕೀಯ ಕಾಲೇಜು ಬಂದದ್ದು 1958ರಲ್ಲಿ.

ಸೀರಮ್ ತಯಾರಿಸುತ್ತಿದ್ದ ಬಗೆಯನ್ನು ನಮ್ಮ ವಿದ್ಯಾರ್ಥಿಯೇ ನಮಗೆ ವಿವರಿಸಿದ. ರೋಗ ತಾಳಿಕೊಂಡು ಉಳಿದ ದನಗಳಿಗೆ ಮತ್ತೆ ಮತ್ತೆ ರೋಗದ ರಕ್ತ ಚುಚ್ಚಿ, ಅವುಗಳ ದೇಹದಲ್ಲಿ ಪ್ರತಿರೋಧ ಬಲವಾದ ಮೇಲೆ ರಕ್ತ ತೆಗೆದು, ಅದರ ತಿಳಿಯನ್ನು ಬೇರ್ಪಡಿಸಿ ಹಳ್ಳಿಯ ದನಗಳಿಗೆ ಕೊಡುತ್ತಿದ್ದರು. ಕೆಲವು ಪ್ರಾಣಿಗಳು ನೋವುಂಡು ಲಕ್ಷಾಂತರ ಪ್ರಾಣಿಗಳು ಉಳಿದವು. ಈ ವಿಷಯವನ್ನು ಮುಚ್ಚಿಡುವುದು ಸರಿಯಲ್ಲವೆಂದು ಬರೆಯುತ್ತಿದ್ದೇವೆ. ಹಿಜರಿ 660ರಲ್ಲಿ ನಿಧನರಾದ ಇಮಾಮ್ ಇಝ್ಝುದ್ದೀನ್ ಬಿನ್ ಅಬ್ದುಸ್ಸಲಾಮ್ ತಮ್ಮ ಗ್ರಂಥದಲ್ಲಿ ಮನುಷ್ಯನ ಮೇಲೆ ಪ್ರಾಣಿಗಿರುವ ಹಕ್ಕುಗಳನ್ನು ವಿವರಿಸಿದ್ದಾರೆ: ಮುದಿಯಾಗಿ ಅಥವಾ ಕಾಯಿಲೆ ಬಿದ್ದು ಪ್ರಯೋಜನಕ್ಕೆ ಬಾರದಿದ್ದರೂ ಮೇವು ಕೊಡಬೇಕು, ತಾಳಲಾರದಷ್ಟು ಭಾರ ಹೇರಬಾರದು, ಅದಕ್ಕೆ ಹಾನಿ ಮಾಡುವ ಪ್ರಾಣಿಯ ಜೊತೆ ಕೂಡಿಹಾಕಬಾರದು, ಜಬಹ್ ಮಾಡುವಾಗ ಒಳ್ಳೆಯ ರೀತಿಯಲ್ಲಿ ಮಾಡಬೇಕು. ಪ್ರಯೋಜನಕ್ಕಾಗಿ ಪ್ರಾಣಿಯನ್ನು ಬಳಸುವುದನ್ನು ಶರೀಅತ್ ತಡೆಯುವುದಿಲ್ಲ. ಬಳಸಿದವನ ಲೆಕ್ಕವನ್ನು ಮಾತ್ರ ಬಿಡುವುದಿಲ್ಲ. ಹೆಬ್ಬಾಳದ ಆ ದನಗಳ ಲೆಕ್ಕವನ್ನು ನಾವು ಯಾರೂ ಕೇಳಿಲ್ಲ.

ಸ್ವಾತಂತ್ರ್ಯದ ನಂತರ 1954ರಲ್ಲಿ ದೇಶದಾದ್ಯಂತ ರೋಗ ನಿರ್ಮೂಲನೆಯ ಕಾರ್ಯಕ್ರಮ ಶುರುವಾಯಿತು. ಸೀರಮ್ ಹೋಗಿ ಲಸಿಕೆ ಬಂದಿತ್ತು. ಲಸಿಕೆಯವರು ಬಸ್ಸಿಳಿದು, ಐಸ್ ಹಾಕಿದ ಡಬ್ಬಿ ಹೊತ್ತು, ಊರೂರಿನ ದೊಡ್ಡಿಗೆ ನಡೆದರು. ದಶಕಗಟ್ಟಲೆ ನಡೆದ ಕೆಲಸ. ಪತ್ರಿಕೆಯಲ್ಲಿ ಅವರ ಫೋಟೊ ಬರಲಿಲ್ಲ, ಅವರ ಹೆಸರಿನಲ್ಲಿ ಒಂದು ವೃತ್ತವೂ ಇಲ್ಲ. ಭಾರತ ಈ ರೋಗದಿಂದ ಮುಕ್ತವೆಂದು 2006ರಲ್ಲಿ ಮಾನ್ಯತೆ ಸಿಕ್ಕಿತು. 2011ರಲ್ಲಿ ಇಡೀ ಜಗತ್ತಿನಿಂದಲೇ ದೊಡ್ಡರೋಗ ಹೋಯಿತೆಂದು ಘೋಷಿಸಲಾಯಿತು. ಮನುಷ್ಯ ಪ್ರಯತ್ನದಿಂದ ಭೂಮಿಯ ಮೇಲಿಂದ ಅಳಿದ ಮೊದಲ ರೋಗ ಸಿಡುಬು; ಎರಡನೆಯದು ಇದು. ಯಾವ ಭಾಷಣದ ಕರುಣೆಯೂ ಇಷ್ಟು ಮೂಕಜೀವಗಳನ್ನು ಉಳಿಸಿರಲಾರದು.

ಈಗ ನಮ್ಮ ಅಂಗಳಕ್ಕೆ ಬರೋಣ, ಏಕೆಂದರೆ ಹುಡುಗನ ಪ್ರಶ್ನೆಯ ಉಳಿದರ್ಧ ಅಲ್ಲಿದೆ.

ದೊಡ್ಡರೋಗದ ವೈರಸ್‌ಗೆ ಹತ್ತಿರದ ನಂಟಿರುವ ಇನ್ನೊಂದು ವೈರಸ್ ಕುರಿ ಮೇಕೆಗಳನ್ನು ಕಾಡುತ್ತದೆ. ಪಿ.ಪಿ.ಆರ್. ಎಂದು ಕರೆಯುತ್ತಾರೆ. ಭಾರತದಲ್ಲಿ ಇದು ಮೊದಲು ಪತ್ತೆಯಾದದ್ದು 1987ರಲ್ಲಿ, ತಮಿಳುನಾಡಿನ ಅರಸೂರಿನಲ್ಲಿ. 2030ರೊಳಗೆ ಇದನ್ನೂ ಜಗತ್ತಿನಿಂದ ಅಳಿಸಬೇಕೆಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಗುರಿ ಇಟ್ಟುಕೊಂಡಿದೆ. ಇಂಥ ರೋಗಗಳು ಎಲ್ಲಿ, ಯಾವಾಗ ಹಬ್ಬುತ್ತವೆ ಎಂದು ಲೆಕ್ಕವಿಡುವ ರಾಷ್ಟ್ರೀಯ ಸಂಸ್ಥೆ ನಿವೇದಿ ನಮ್ಮ ಯಲಹಂಕದ ರಾಮಗೊಂಡನಹಳ್ಳಿಯಲ್ಲೇ ಇದೆ. ಇದು ಬಕ್ರೀದ್‌ಗೆ ಏನು ಸಂಬಂಧ ಎನ್ನುತ್ತೀರಾ? ಬೇರೆ ಬೇರೆ ಜಿಲ್ಲೆಯ ಕುರಿಗಳನ್ನು ಒಂದೇ ಲಾರಿಗೆ ತುಂಬಿ, ದಣಿದು ಬಾಯಾರಿದ ಸ್ಥಿತಿಯಲ್ಲಿ ಒಂದೇ ಬಯಲಿನಲ್ಲಿ ಮೈಗೆ ಮೈ ತಾಗಿಸಿ ನಿಲ್ಲಿಸಿದರೆ, ಇಂಥ ರೋಗಕ್ಕೆ ಅದಕ್ಕಿಂತ ಒಳ್ಳೆಯ ಸಂತೆ ಬೇಕಿಲ್ಲ. ಬನ್ನೂರು, ಅಮೀನಗಡ, ಎಳಗ ಎಂದು ತಳಿಯ ಹೆಸರು ಹಿಡಿದು ದರ ಚೌಕಾಸಿ ಮಾಡುವ ನಾವು, ಇದಕ್ಕೆ ಲಸಿಕೆ ಆಗಿದೆಯೇ, ನೀರು ಕುಡಿದು ಎಷ್ಟು ಹೊತ್ತಾಯಿತು ಎಂದು ಕೇಳಿದ್ದು ಕಡಿಮೆ.

ಮೂರು ವರ್ಷದ ಹಿಂದೆ ನಮ್ಮ ಮಸೀದಿಯ ಅಂಗಳದಲ್ಲೇ ಕುರಿಗಳನ್ನು ಎರಡು ದಿನ ತಗಡಿನ ಶೀಟಿನ ಕೆಳಗೆ, ಜನರೇಟರ್ ಪಕ್ಕದಲ್ಲಿ ಕಟ್ಟಿದ್ದೆವು. ಹಬ್ಬದ ಹಿಂದಿನ ರಾತ್ರಿ ಒಂದು ಕುರಿ ಸತ್ತಿತು. ಅದರ ಯಜಮಾನ ಬಂದು ಮಸಅಲೆ ಕೇಳಿದ: ಬೇರೊಂದು ಕುರಿ ಕೊಡಬೇಕೇ, ಬೇಡವೇ? ಕಿತಾಬ್ ತೆರೆದು ನೋಡಿ, ಅವನ ಸ್ಥಿತಿಗತಿ ವಿಚಾರಿಸಿ ಉತ್ತರ ಹೇಳಿದೆವು. ಕುರಿ ಏಕೆ ಸತ್ತಿತು ಎಂದು ಅವನೂ ಕೇಳಲಿಲ್ಲ, ನಾವೂ ಕೇಳಲಿಲ್ಲ. ಆ ರಾತ್ರಿ ನಾವು ಇಶಾ ನಂತರ ಆ ತಗಡಿನ ಪಕ್ಕದಲ್ಲೇ ಎರಡು ಸಲ ಹಾದುಹೋಗಿದ್ದೆವು. ಮಿಂಬರ್ ಮೇಲೆ ನಿಂತು ಬೆಕ್ಕಿನ ಹದೀಸ್ ಹೇಳುವಾಗ ಈಗ ನಮಗೆ ಆ ಕುರಿ ನೆನಪಾಗುತ್ತದೆ.

ಪ್ರತಿ ಬಕ್ರೀದ್‌ಗೂ ಟಿ.ವಿ.ಯಲ್ಲಿ, ಮೊಬೈಲಿನಲ್ಲಿ ನಮ್ಮನ್ನು ಕ್ರೂರಿಗಳೆನ್ನುವ ಮಾತು ಬರುತ್ತದೆ. ಅದರಲ್ಲಿ ಹೆಚ್ಚಿನದು ಪ್ರಾಣಿಯ ಮೇಲಿನ ಪ್ರೀತಿಯಿಂದ ಬಂದದ್ದಲ್ಲವೆಂದು ನಮಗೂ ಗೊತ್ತು, ಹೇಳುವವರಿಗೂ ಗೊತ್ತು. ಉತ್ತರ ಕೊಡುವ ಭರದಲ್ಲಿ ನಾವು ಕಾನೂನಿನ ಮೊರೆ ಹೋಗುತ್ತೇವೆ. ಕಾನೂನು ನಿಜಕ್ಕೂ ನಮ್ಮ ಪರವಾಗಿದೆ. ರುಕ್ಮಿಣಿದೇವಿ ಅರುಂಡೇಲ್ ಅವರು 1950ರ ದಶಕದಲ್ಲಿ ರಾಜ್ಯಸಭೆಯಲ್ಲಿ ಪಟ್ಟುಹಿಡಿದದ್ದರ ಫಲವಾಗಿ ಬಂದ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 28ನೇ ಕಲಂ, ಯಾವುದೇ ಸಮುದಾಯದ ಧರ್ಮ ಹೇಳುವ ರೀತಿಯಲ್ಲಿ ಪ್ರಾಣಿಯನ್ನು ವಧಿಸುವುದು ಅಪರಾಧವಲ್ಲ ಎನ್ನುತ್ತದೆ. ಆದರೆ ಆ ರಕ್ಷಣೆ ಜಬಹ್‌ಗೆ ಮಾತ್ರ. ಜಬಹ್‌ಗೆ ಮೊದಲು ಲಾರಿಯಲ್ಲಿ, ಸಂತೆಯಲ್ಲಿ, ಅಂಗಳದಲ್ಲಿ ಆಗುವ ಹಿಂಸೆಗೆ ಅದು ನೆರಳು ಕೊಡುವುದಿಲ್ಲ. 1978ರ ಸಾಗಾಟ ನಿಯಮಗಳು ದೂರದ ಪ್ರಯಾಣಕ್ಕೆ ಪಶುವೈದ್ಯರ ಪ್ರಮಾಣಪತ್ರ, ಮೇವು, ನೀರು ಕೇಳುತ್ತವೆ. 2001ರ ಕಸಾಯಿಖಾನೆ ನಿಯಮಗಳು ಒಂದು ಪ್ರಾಣಿಯ ಕಣ್ಣೆದುರು ಇನ್ನೊಂದನ್ನು ಕೊಯ್ಯಬಾರದು, ಗಬ್ಬದ ಪ್ರಾಣಿಯನ್ನು ಕೊಯ್ಯಬಾರದು ಎನ್ನುತ್ತವೆ. ಇವುಗಳನ್ನು ಓದಿದಾಗ ನಮಗೆ ಹೊಸದೇನೂ ಕಾಣಲಿಲ್ಲ. ಪ್ರಾಣಿಯ ಎದುರಿಗೆ ಚೂರಿ ಮಸೆಯುತ್ತಿದ್ದವನನ್ನು ಪ್ರವಾದಿವರ್ಯರು(ಸ) ಗದರಿಸಿದ್ದರು. ಕುರಿಯನ್ನು ಕಾಲು ಹಿಡಿದು ಎಳೆದೊಯ್ಯುತ್ತಿದ್ದವನನ್ನು ಹಝ್ರತ್ ಉಮರ್(ರ) ತಡೆದು, ಸಾವಿನ ಕಡೆಗಾದರೂ ಚೆಂದವಾಗಿ ನಡೆಸಿಕೊಂಡು ಹೋಗೆಂದಿದ್ದರು. ಸರ್ಕಾರದ ನಿಯಮ ಪುಸ್ತಕ ನಮ್ಮ ಹಳೆಯ ಪಾಠವನ್ನೇ ನಮಗೆ ಓದಿ ಹೇಳುತ್ತಿದೆ ಎಂದರೆ ಕೋಪ ಮಾಡಿಕೊಳ್ಳುವುದರಲ್ಲಿ ಅರ್ಥವಿಲ್ಲ.

ಇದನ್ನೆಲ್ಲ ಈ ಸಲ ಬಕ್ರೀದ್‌ಗೆ ಒಂದು ತಿಂಗಳು ಮೊದಲೇ, ಅಸರ್ ನಂತರ ಕುಳಿತವರೆದುರು ಹೇಳಿದೆವು. ಹಿರಿಯರೊಬ್ಬರು ತುಂಬ ಹೊತ್ತು ಸುಮ್ಮನಿದ್ದು ಮಾತು ತೆಗೆದರು. ಅವರ ತಂದೆ ಯಶವಂತಪುರ ಸ್ಟೇಷನ್ ಮುಂದೆ ಜಟಕಾ ಓಡಿಸುತ್ತಿದ್ದವರು. ರಾತ್ರಿ ಮನೆಗೆ ಬಂದರೆ ಮೊದಲು ಕುದುರೆಗೆ ಹುರುಳಿ, ಆಮೇಲೆ ಮಕ್ಕಳಿಗೆ ಊಟ. ಆ ಮಾತನ್ನು ಅವರು ಯಾವಾಗಲೂ ಹೆಮ್ಮೆಯಿಂದ ಹೇಳುತ್ತಿದ್ದರು. ಅಂದು ಅದರ ಮುಂದಿನದನ್ನು ಹೇಳಿದರು. ಒಂದು ಮಳೆಗಾಲ ಕುದುರೆಯ ಹೆಗಲಿಗೆ ಹುಣ್ಣಾಗಿತ್ತು. ತಂದೆ ಅದರ ಮೇಲೆ ಬಟ್ಟೆ ಹೊದಿಸಿ ಮತ್ತೆ ಗಾಡಿ ಕಟ್ಟಿದರು. “ಕಟ್ಟದಿದ್ದರೆ ನಮಗೆ ಊಟವಿರಲಿಲ್ಲ. ಆ ಬಟ್ಟೆ ಒಗೆಯುತ್ತಿದ್ದವನು ನಾನು,” ಎಂದರು. ಯಾರೂ ಏನೂ ಹೇಳಲಿಲ್ಲ. ಬಡತನದಲ್ಲಿ ಮನುಷ್ಯನೂ ಪ್ರಾಣಿಯೂ ಒಂದೇ ಗಾಡಿಗೆ ಕಟ್ಟಲ್ಪಟ್ಟಿರುತ್ತಾರೆ; ಅವರ ತಂದೆಯ ಮೇಲೆ ತೀರ್ಪು ಕೊಡಲು ನಮ್ಮಿಂದಾಗಲಿಲ್ಲ. ಆದರೆ ಇಂದು ಹತ್ತಾರು ಸಾವಿರ ಕೊಟ್ಟು ಕುರಿ ಕೊಳ್ಳುವ ನಮಗೆ ಆ ನೆಪವಿಲ್ಲ.

ಅಂದೇ ನಾಲ್ಕು ಜನ ಕೂತು ಗೊತ್ತುಮಾಡಿದೆವು. ತಗಡಿನ ಶೀಟು ತೆಗೆದು ಹಸಿರು ಬಲೆಯ ನೆರಳು ಕಟ್ಟುವುದು. ಕುರಿಗಳನ್ನು ಜನರೇಟರ್‌ನಿಂದ ದೂರ ಇಡುವುದು. ಹಗಲು ಇಬ್ಬರು, ರಾತ್ರಿ ಇಬ್ಬರು ನೀರು ಮೇವಿನ ಪಾಳಿ, ಬೋರ್ಡಿನ ಮೇಲೆ ಅವರ ಹೆಸರು. ಕೊಯ್ಯುವ ಜಾಗಕ್ಕೆ ಪರದೆ. ಕಸುಬು ಗೊತ್ತಿಲ್ಲದ ಹುಡುಗರ ಕೈಗೆ ಚೂರಿ ಕೊಡದಿರುವುದು. ಪಶುವೈದ್ಯಕೀಯದ ನಮ್ಮ ವಿದ್ಯಾರ್ಥಿ ತನ್ನ ಹಿರಿಯ ಸಹಪಾಠಿಗಳನ್ನು ಕರೆದುಕೊಂಡು ಬಂದು ಕುರಿಗಳನ್ನು ನೋಡಿ ಹೋಗುತ್ತೇನೆಂದ. ಕಮಿಟಿಯ ಒಬ್ಬರು, ಎರಡು ದಿನದ ಕುರಿಗೆ ಇಷ್ಟೆಲ್ಲ ಬೇಕೇ ಎಂದು ಗೊಣಗಿದರು. ಜಟಕಾದ ಹಿರಿಯರು ಅವರ ಕಡೆ ನೋಡಿದರಷ್ಟೇ, ಗೊಣಗಾಟ ನಿಂತಿತು.

ಹಬ್ಬ ಮುಗಿಯಿತು. ಅಂಗಳದಲ್ಲಿ ಯಾವ ಕುರಿಯೂ ಸಾಯಲಿಲ್ಲ. ಮಾರನೆಯ ದಿನ ನೀರಿನ ಎರಡು ಸಿಮೆಂಟ್ ತೊಟ್ಟಿಗಳನ್ನು ಎತ್ತಿ ಗೋದಾಮಿಗೆ ಇಡಲೇ ಎಂದು ಹುಡುಗ ಕೇಳಿದ. ಗೇಟಿನ ಹೊರಗೆ ಇಡು ಎಂದೆವು. ಈಗ ಅಲ್ಲಿ ಬೀದಿಯ ನಾಯಿಗಳು, ಒಂದು ಮುದಿ ಹಸು, ಮತ್ತು ಕಾಗೆಗಳು ಬಂದು ಕುಡಿದು ಹೋಗುತ್ತವೆ. ಫಜರ್‌ಗೆ ಬರುವವರಲ್ಲಿ ಯಾರಾದರೊಬ್ಬರು ತುಂಬಿಸುತ್ತಾರೆ. ಯಾರೂ ತುಂಬಿಸದ ದಿನ ನಾವೇ ತುಂಬಿಸುತ್ತೇವೆ.